ಪೆನಾಂಗ್ ದ್ವೀಪದಲ್ಲಿ ಬೆಳಗಿನ ಮಾರುಕಟ್ಟೆ: ಎಲ್ಲಿಗೆ ಹೋಗುವುದು?

ಘಟ್ಟದವಳು:
ಜುಲೈನಲ್ಲಿ ಅಮ್ಮನ ಜೊತೆ ಮಲೇಷ್ಯಾದ ಪೆನಾಂಗ್‌ಗೆ ಹೊರಟಿದ್ದೇನೆ. ವಾಸ್ತವ್ಯ ಜಾರ್ಜ್ ಟೌನ್‌ನಲ್ಲಿ. ಊರಿನವರೇ ಕೊಳ್ಳುವ, ತಿನ್ನುವ ಮಾರುಕಟ್ಟೆ ನೋಡುವ ಆಸೆ. ನಾನು ಮೀನು ತಿನ್ನುತ್ತೇನೆ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕಡಲತಡಿ:
ಎಲ್ಲರೂ ಚೌರಸ್ತಾ ಮಾರುಕಟ್ಟೆಗೆ ಕಳಿಸುತ್ತಾರೆ. ಹೋಗಿ, ಆದರೆ ಬೆಳಿಗ್ಗೆಯೇ ಹೋಗಿ. ಪೆನಾಂಗ್ ರಸ್ತೆಯ ಬದಿಯ ಅಂಗಡಿಗಳಲ್ಲಿ ಜಾಯಿಕಾಯಿ ನೋಡಿ. ನಮ್ಮ ತೋಟಗಳಲ್ಲಿ ಬೀಜ, ಪತ್ರೆ ತೆಗೆದುಕೊಂಡು ಸಿಪ್ಪೆ ಎಸೆಯುವವರೇ ಹೆಚ್ಚು. ಅಲ್ಲಿ ಆ ಸಿಪ್ಪೆಯೇ ಸರಕು: ಸಕ್ಕರೆಯಲ್ಲಿ ನೆನೆಸಿದ್ದು, ಒಣಗಿಸಿದ್ದು, ಷರಬತ್ತು. ಒಣಗಿಸಿದ್ದನ್ನೇ ಕೊಳ್ಳಿ, ನೆನೆಸಿದ್ದು ಸೂಟ್‌ಕೇಸಿನಲ್ಲಿ ಸೋರುತ್ತದೆ.

ನನ್ನನ್ನು ಕೇಳಿದರೆ ಪುಲಾವ್ ಟಿಕುಸ್ ಮಾರುಕಟ್ಟೆಯೇ ಮೇಲು. ಸೊಪ್ಪಿನ ಕಟ್ಟೆಯಲ್ಲಿ ಗುಲಾಬಿ ಬಣ್ಣದ, ಬಿಗಿಯಾಗಿ ಮುಚ್ಚಿದ ದೊಡ್ಡ ಮೊಗ್ಗುಗಳನ್ನು ಇಟ್ಟಿರುತ್ತಾರೆ. ಅದು ಬುಂಗಾ ಕಂತಾನ್, ಶುಂಠಿ ಜಾತಿಯ ಹೂವು. ಮೂಗಿಗೆ ಹಿಡಿದು ನೋಡಿ, ಆಮೇಲೆ ಅಸಾಮ್ ಲಕ್ಸಾ, ಅಂದರೆ ಹುಳಿ ಮೀನುಸಾರಿನ ನೂಡಲ್ಸ್, ತಿನ್ನಿ. ಆ ಘಮ ಎಲ್ಲಿಂದ ಬಂತೆಂದು ತಾನಾಗಿಯೇ ತಿಳಿಯುತ್ತದೆ. ಲಕ್ಸಾದ ಸಾರು ಬೇರೇನಲ್ಲ, ಬಂಗುಡೆ ಬೇಯಿಸಿ ಬಿಡಿಸಿ ಹಾಕಿದ್ದು. ಹುಳಿಗೆ ನಮ್ಮ ಉಪ್ಪಾಗೆಯ ದಾಯಾದಿಯೊಂದರ ಒಣ ಹೋಳು. ಕರಾವಳಿಯ ನಾಲಗೆಗೆ ಇದು ಪರಕೀಯವೇ ಅಲ್ಲ, ಮೇಲೆ ಹಾಕುವ ಅನಾನಸ್ ಒಂದನ್ನು ಬಿಟ್ಟರೆ. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಬೆಳ್ಳುಳ್ಳಿಬೇಡ:
ಅಮ್ಮನ ವಿಷಯದಲ್ಲಿ ಎಚ್ಚರ. ಸೊಪ್ಪಿನ ಪಲ್ಯವೆಂದು ನಂಬಬೇಡಿ. ಕಾಂಗ್‌ಕುಂಗ್ ಸೊಪ್ಪನ್ನು ಸಾಮಾನ್ಯವಾಗಿ ಬೆಲಚಾನ್, ಅಂದರೆ ಹುದುಗಿಸಿದ ಸಿಗಡಿಯ ಮುದ್ದೆ ಹಾಕಿಯೇ ಹುರಿಯುತ್ತಾರೆ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳನ್ನು ಹುಡುಕಿ. ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ ಅಲ್ಲಿ ಜನ ತುಂಬಿರುತ್ತಾರೆ, ಬೇಗ ಹೋಗಬೇಕು.

ಘಟ್ಟದವಳು:
ಬೆಳಗಿನ ತಿಂಡಿಗೆ ಅಮ್ಮನಿಗೆ ಏನು ಸಿಕ್ಕೀತು? ದುರಿಯನ್ ಹಣ್ಣೂ ತಿನ್ನಬೇಕಂತೆ ಅವರಿಗೆ!

ಕಡಲತಡಿ:
ಪುಟು ಮಾಯಂ ಕೊಡಿಸಿ. ಒತ್ತು ಶಾವಿಗೆಯೇ, ತೆಂಗಿನತುರಿ, ಕಂದು ಸಕ್ಕರೆ ಜೊತೆಗೆ. ಅಪೋಂ (ನಮ್ಮ ಅಪ್ಪಂನಂಥದ್ದು) ಆದರೆ ಮೊಟ್ಟೆ ಹಾಕಿದ್ದಾರೆಯೇ ಎಂದು ಮೊದಲೇ ಕೇಳಿ. ಜುಲೈ ದುರಿಯನ್ ಕಾಲವೇ. ದ್ವೀಪದ ಪಶ್ಚಿಮಕ್ಕೆ ಬಾಲಿಕ್ ಪುಲಾವ್ ಇದೆ, ಜಾರ್ಜ್ ಟೌನ್‌ನ ಎತ್ತರದ ಕಟ್ಟಡ ಕೊಮ್ಟಾರ್‌ನಿಂದ ಬಸ್ ಸಿಗುತ್ತದೆ. ಅಂಗಡಿಯವರಿಂದಲೇ ಹಣ್ಣು ಒಡೆಸಿ, ಅಲ್ಲೇ ಕುಳಿತು ತಿಂದು ಬನ್ನಿ. ಕೋಣೆಗೆ ತಂದರೆ ಹೋಟೆಲಿನವರು ದಂಡ ಹಾಕುವುದುಂಟು.