ಪದಚರ್ಚೆ: ಪ್ಯಾರಾಥೈರಾಯ್ಡ್ ಕ್ಯಾನ್ಸರಿನ ಮಾತುಗಳಿಗೆ ಕನ್ನಡ

ಗೆಳೆಯರೇ,

ಬಾಗಲಕೋಟೆಯ ಡಾಕ್ಟರೊಬ್ಬರಿಗಾಗಿ ಒಂದು ಮಾಹಿತಿಪತ್ರ ಬರೆಯುತ್ತಿದ್ದೇನೆ. ವಿಷಯ ಪ್ಯಾರಾಥೈರಾಯ್ಡ್ ಕ್ಯಾನ್ಸರ್. ಓದುವವರು ರೋಗಿಯ ಮನೆಯವರು. ಹೆಸರಿನಲ್ಲೇ ತೊಡಕು ಶುರುವಾಗಿದೆ.

'ಥೈರಾಯ್ಡ್' ಈಗ ಎಲ್ಲರ ಬಾಯಲ್ಲೂ ಇದೆ. 'ನಮ್ಮ ಅಕ್ಕಗೂ ಥೈರಾಯ್ಡ್ ಐತ್ರಿ, ದಿನಾ ಮುಂಜಾನೆ ಒಂದ್ ಗುಳಿಗಿ ತಗೋತಾಳ' ಅಂದರೆ ಮಾತು ಮುಗಿಯಿತು. ಮುಂದಿರುವ 'ಪ್ಯಾರಾ' ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಇದು ಬೇರೆಯೇ ಗ್ರಂಥಿ. ಥೈರಾಯ್ಡಿನ ಹಿಂಬದಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಒಂದೊಂದೂ ತೊಗರಿಬೇಳೆಯಷ್ಟು. ಕೆಲಸ ರಕ್ತದ ಕ್ಯಾಲ್ಸಿಯಂ ಹದ ಕಾಯುವುದು. 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಮನುಷ್ಯರಲ್ಲಿ ಇದನ್ನು ವಿವರಿಸಿ 'ಥೈರಾಯ್ಡಿನ ಪಕ್ಕದ್ದು' ಎಂಬರ್ಥದ ಹೆಸರಿಟ್ಟರು. (ಅದಕ್ಕೂ ಮುಂಚೆ ಇಂಗ್ಲೆಂಡಿನ ಪ್ರಾಣಿತಜ್ಞ ರಿಚರ್ಡ್ ಓವೆನ್ ಇದನ್ನು ಕಂಡದ್ದು ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ!) ಮರಾಠಿಯಲ್ಲಿ 'ಪರಾವಟು' ಎನ್ನುತ್ತಾರೆ, ಬೆಳಗಾವಿಯವರಿಗೆ ಗೊತ್ತಿರಬಹುದು. ನಮ್ಮಲ್ಲಿ ಥೈರಾಯ್ಡಿಗೆ 'ಗುರಾಣಿ ಗ್ರಂಥಿ' ಇದೆ, ಹಾಗಂತ 'ಉಪಗುರಾಣಿ' ಎಂದರೆ ಯುದ್ಧದ ಸಾಮಾನಾಗುತ್ತದೆ. ಒಮ್ಮೆ ಪ್ಯಾರಾಥೈರಾಯ್ಡ್ ಎಂದು ಹೇಳಿ, ಮುಂದೆಲ್ಲ 'ಕ್ಯಾಲ್ಸಿಯಂ ಗ್ರಂಥಿ' ಎಂದು ಬರೆದರೆ ಹೇಗೆ? ನನ್ನ ಒಲವು ಅದಕ್ಕೇ.

ಎರಡನೆಯದು ಇನ್ನೂ ಕಗ್ಗಂಟು. 'ಕ್ಯಾಲ್ಸಿಯಂ ಜಾಸ್ತಿಯಾಗಿದೆ' ಎಂದರೆ 'ಚಲೋ ಆತಲ್ರಿ, ಎಲುಬು ಗಟ್ಟಿ ಆಗ್ತಾವ' ಎನ್ನುತ್ತಾರೆ. ಆಗುವುದು ಉಲ್ಟಾ. ಗಡ್ಡೆ ಅಳತೆ ಮೀರಿ ಹಾರ್ಮೋನು ಸುರಿಸುತ್ತದೆ, ಅದು ಎಲುಬಿನ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಬಿಡುತ್ತದೆ. ಎಲುಬು ಸವೆಯುತ್ತದೆ, ಕಿಡ್ನಿಯಲ್ಲಿ ಹರಳು ಕಟ್ಟುತ್ತದೆ. ರಕ್ತದಲ್ಲಿ ಡೆಸಿಲೀಟರಿಗೆ (100 ಮಿ.ಲೀ.ಗೆ) ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ ಈ ಕ್ಯಾನ್ಸರಿನಲ್ಲಿ 14 ದಾಟುವುದುಂಟು. ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಗಡ್ಡೆಯಿಂದಲ್ಲ, ಈ ಏರಿಕೆಯಿಂದ. ಹಾಗಾಗಿ ಈ ಸಾಲು ತಪ್ಪುವಂತಿಲ್ಲ. 'ಎಲುಬಿನ ಸುಣ್ಣ ರಕ್ತಕ್ಕೆ ಇಳಿದಿದೆ' ಎಂದು ಬರೆದಿದ್ದೇನೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಎಲೆ-ಅಡಿಕೆ ಹಾಕುವ ಅಜ್ಜಿ 'ಸುಣ್ಣ ತಿಂದದ್ದಕ್ಕ ಬಂತು' ಎಂದುಕೊಂಡರೆ? ಸುಣ್ಣ ಇರಲೋ, ಬೇಡವೋ?

ಕೊನೆಯದು ಆಪರೇಷನ್. ಈ ಕ್ಯಾನ್ಸರಿನ ಅನುಮಾನವಿದ್ದರೆ ಸೂಜಿ ಚುಚ್ಚಿ ತುಣುಕು ತೆಗೆಯುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಕ್ಯಾನ್ಸರ್ ಕಣಗಳು ಚೆಲ್ಲಬಹುದು ಎಂದು. ಗಡ್ಡೆಯ ಹೊದಿಕೆ ಒಡೆಯದಂತೆ, ಅದೇ ಬದಿಯ ಥೈರಾಯ್ಡ್ ಭಾಗದ ಸಮೇತ ತೆಗೆಯುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಎಷ್ಟೋ ಸಲ ಆಮೇಲಿನ ಪೆಥಾಲಜಿ ವರದಿಯಲ್ಲೇ ತಿಳಿಯುವುದು. ಹೀಗೆ ಒಟ್ಟಿಗೆ ತೆಗೆಯುವುದಕ್ಕೆ 'ಇಡಿಗಂಟಾಗಿ' ಎಂಬ ಮಾತು ಹೊಳೆಯಿತು. ಗಂಟು ಎಂದರೆ ಗಡ್ಡೆಯೂ ಹೌದು. ಆದರೆ 'ಇಡಿಗಂಟು' ಎಂದೊಡನೆ ನಿವೃತ್ತಿಯ ದುಡ್ಡು ನೆನಪಾಗುತ್ತದೆ. ಆಪರೇಷನ್ ನಂತರ ಸವೆದ ಎಲುಬು ಕ್ಯಾಲ್ಸಿಯಂ ವಾಪಸ್ ಹೀರಿಕೊಂಡು ರಕ್ತದಲ್ಲಿ ಅದು ದಿಢೀರ್ ಕುಸಿಯುವುದಕ್ಕೆ 'ಹಸಿದ ಎಲುಬು' ಎಂದಿದ್ದೇನೆ, ಅದರ ಬಗ್ಗೆ ತಕರಾರಿಲ್ಲ.

ವಿಜಯಪುರ, ಬಾಗಲಕೋಟೆ ಕಡೆಯವರು ಹೇಳಿ: 'ಇಡಿಯಾಗಿ' ಸಾಕೇ, ಅಥವಾ 'ಅಖಂಡ'ಕ್ಕೇ ಹೋಗಬೇಕೇ?