ಕೈಚೆಲ್ಲು: ಚೆಲ್ತೋ, ಚೆಲ್ದ್ರೋ?

ಬಳಗದ ಎಲ್ಲರಿಗೂ ತೀರ್ಥಹಳ್ಳಿ ಕಡೆಯಿಂದ ನಮಸ್ಕಾರ.

ಒಂದು ಪದದ ಬಗ್ಗೆ ಕೇಳುವುದಿತ್ತು. ಪದ ‘ಕೈಚೆಲ್ಲು’. ಇದನ್ನು ನನ್ನ ತಲೆಗೆ ಹಚ್ಚಿದ್ದು ಒಂದು ಬ್ಯಾಸ್ಕೆಟ್‌ಬಾಲ್ ತಂಡ, ಅದೂ ಅಮೆರಿಕದ್ದು. ಆಟದ ಪುರಾಣ ಬೇಡ ಅನ್ನುವವರು ಮುಂದಿನ ನಾಲ್ಕೈದು ಪ್ಯಾರಾ ಹಾರಿಸಿ ಓದಬಹುದು. ಹಾರಿಸಿದರೆ ನನ್ನ ಹೊಟ್ಟೆಯುರಿ ಗೊತ್ತಾಗುವುದಿಲ್ಲ ಅಷ್ಟೆ. ಹೊಟ್ಟೆಯುರಿ ಇಲ್ಲದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೂ ಇರಲಿಲ್ಲ.

ಅಕ್ಕ, ಭಾವ ಡೆಟ್ರಾಯಿಟ್ ಹತ್ತಿರ ಇದ್ದಾರೆ. ಭಾವನದು ಕಾರಿನ ಕೆಲಸ. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ನಾನು ಸಿಮೆಂಟು ಅಂಕಣದಲ್ಲಿ ಎರಡು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದವನು. ಊರಿನ ವಾಲಿಬಾಲ್ ಹುಡುಗರ ನಡುವೆ ಒಂಟಿ ಪ್ರಾಣಿ. ಅದು ನೆನಪಿಟ್ಟುಕೊಂಡು ಭಾವ ಒಂದು ಸಲ ಬರುವಾಗ ಡೆಟ್ರಾಯಿಟ್ ಪಿಸ್ಟನ್ಸ್ ತಂಡದ ಅಂಗಿ ತಂದುಕೊಟ್ಟರು. ನನ್ನ ಗ್ರಹಚಾರ ಶುರುವಾದದ್ದು ಆ ಅಂಗಿಯಿಂದ. ಸಾಮಾನ್ಯ ತಂಡವಲ್ಲ ಅದು. 1989, 1990, 2004, ಮೂರು ಸಲ ಎನ್‌ಬಿಎ, ಅಂದರೆ ಅಲ್ಲಿಯ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗು, ಗೆದ್ದದ್ದು. ನಾನು ಹಿಂದೆ ಬಿದ್ದದ್ದು ಮಾತ್ರ ಅದರ ಶನಿಕಾಟದ ಕಾಲದಲ್ಲಿ.

2023-24ರ ಋತುವಿನ ಮೊದಲ ಮೂರು ಆಟದಲ್ಲಿ ಎರಡು ಗೆದ್ದರು. ಪರವಾಗಿಲ್ಲ ಅಂದುಕೊಂಡೆ. ಅಕ್ಟೋಬರ್ 30ಕ್ಕೆ ಸೋಲಲು ಹಿಡಿದವರು ಡಿಸೆಂಬರ್ 28ರವರೆಗೆ ಬಿಡದೆ ಸೋತರು. ಒಟ್ಟು 28, ಒಂದರ ಹಿಂದೆ ಒಂದು. ಒಂದೇ ಋತುವಿನಲ್ಲಿ ಇಷ್ಟು ಸಲ ಸತತ ಸೋತ ತಂಡ ಎನ್‌ಬಿಎ ಇತಿಹಾಸದಲ್ಲೇ ಅದಕ್ಕೆ ಮೊದಲು ಇರಲಿಲ್ಲ. ನಮ್ಮಲ್ಲಿ ಅದು ಸರಿಯಾಗಿ ಕೊನೆ, ಅಂದರೆ ಅಡಕೆ ಗೊನೆ, ಕೊಯ್ಲಿನ ಕಾಲ. ಅಲ್ಲಿ ಸಂಜೆ ಏಳು ಅಂದರೆ ಇಲ್ಲಿ ಬೆಳಗಿನ ಜಾವ ಐದೂವರೆ. ರಾತ್ರಿ ಸುಲಿದ ಅಡಕೆಯನ್ನು ಬೇಯಿಸಲು ನಾನು ಹೇಗೂ ಅಷ್ಟು ಹೊತ್ತಿಗೆ ಎದ್ದಿರುತ್ತೇನೆ. ಸೌದೆ ರಾಶಿಗೆ ಫೋನು ಒರಗಿಸಿಟ್ಟು, ನೆಟ್‌ವರ್ಕ್ ಇದ್ದಷ್ಟು ಹೊತ್ತು ನೋಡುವುದು. ಹಂಡೆಯೊಳಗೆ ಅಡಕೆ ಬೇಯುತ್ತಿತ್ತು, ಹಂಡೆಯ ಹೊರಗೆ ನಾನು.

ಹಾಗಂತ ಎಲ್ಲ ಸೋಲೂ ಒಂದೇ ನಮೂನೆ ಅಲ್ಲ. ಕೆಲವು ದಿನ ಮೊದಲ ಕ್ವಾರ್ಟರಿಗೇ ಮುಗಿದುಹೋಗುತ್ತಿತ್ತು. ಕೆಲವು ದಿನ ಪಾಸ್ ಕೊಡುವುದೇ ಎದುರಾಳಿಗೆ. ಡಿಸೆಂಬರ್ 26ರ ಆಟದಲ್ಲಿ ನಮ್ಮ ತಂಡದ ಕೇಡ್ ಕನ್ನಿಂಗ್‌ಹ್ಯಾಮ್ ಒಬ್ಬನೇ 41 ಪಾಯಿಂಟ್ ಹೊಡೆದ. ಆದರೂ ಬ್ರೂಕ್ಲಿನ್ ಎದುರು ತಮ್ಮ ನೆಲದಲ್ಲೇ 118–112ಕ್ಕೆ ಸೋಲು. ಒಬ್ಬ ಗದ್ದೆ ಉಳುತ್ತಿದ್ದಾನೆ, ಉಳಿದವರು ಅಂಚಿನ ಮೇಲೆ ನಿಂತು ಹೊತ್ತು ನೋಡುತ್ತಿದ್ದಾರೆ ಅನ್ನಿಸಿತ್ತು ನನಗೆ. ಅಷ್ಟರಲ್ಲಾಗಲೇ ಅಲ್ಲಿಯ ಜನ ‘ತಂಡ ಮಾರಿ’ ಎಂದು ಸ್ಟೇಡಿಯಮ್ಮಿನಲ್ಲೇ ಕೂಗಲು ಶುರುಮಾಡಿದ್ದರು. ತೋಟ ಹಾಳು ಬಿಟ್ಟವನಿಗೆ ನಮ್ಮೂರಲ್ಲೂ ಇದನ್ನೇ ಹೇಳುವುದು.

ಎರಡು ದಿನ ಬಿಟ್ಟು ಬಾಸ್ಟನ್ ಮೇಲೆ ಆಟ. ಬಾಸ್ಟನ್‌ನವರು ಆ ಋತುವಿನಲ್ಲಿ ಅಲ್ಲಿಯವರೆಗೆ ತಮ್ಮ ನೆಲದಲ್ಲಿ ಒಂದೂ ಸೋತಿರಲಿಲ್ಲ. ನಮ್ಮವರು ಅರ್ಧ ಆಟಕ್ಕೆ 19 ಪಾಯಿಂಟ್ ಮುಂದೆ! ಅಡಕೆ ಹದ ನೋಡುವುದನ್ನೇ ಮರೆತು ಕೂತಿದ್ದೆ. ಎರಡನೇ ಅರ್ಧದಲ್ಲಿ ಅಷ್ಟೂ ಕರಗಿ, ಸಮ ಆಗಿ, ಓವರ್‌ಟೈಮಿಗೆ ಹೋಗಿ, 128–122ಕ್ಕೆ ಸೋತರು. ಆ ಹಂಡೆಯ ಅಡಕೆಯೂ ಬೆಂದದ್ದು ಹೆಚ್ಚಾಯಿತು. ಸಿಟ್ಟಿನಲ್ಲಿ ನಮ್ಮ ಊರಿನ ವಾಟ್ಸ್ಆ್ಯಪ್ ಗುಂಪಿಗೆ ‘ಪಿಸ್ಟನ್ಸ್ ಮತ್ತೆ ಪಂದ್ಯ ಕೈಚೆಲ್ಲಿತು’ ಎಂದು ಹಾಕಿದೆ. ಅಲ್ಲಿ ಆ ತಂಡದ ಹೆಸರು ಗೊತ್ತಿದ್ದವರು ಯಾರೂ ಇಲ್ಲ, ಅದು ಬೇರೆ ಮಾತು.

ಆದರೆ ಆ ಗುಂಪಿನಲ್ಲಿ ನಮ್ಮ ಪಕ್ಕದ ಮನೆಯ ಮೇಷ್ಟ್ರು ಇದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನನಗೂ ಕಲಿಸಿದವರು. ಸಂಜೆ ಅಡಕೆ ಸುಲಿಯುವಲ್ಲಿಗೇ ಬಂದರು. ಮೆಟ್ಟುಗತ್ತಿಗಳ ನಡುವೆ ಜಾಗ ಮಾಡಿಕೊಂಡು ಕೂತು ಕೇಳಿದರು: “ಅಲ್ಲ ಮಾರಾಯ, ದಿನಾ ಕೈಚೆಲ್ಲಿತು ಕೈಚೆಲ್ಲಿತು ಅಂತ ಹಾಕ್ತೀಯಲ್ಲ, ಕೈಲಿ ಇದ್ದದ್ದನ್ನ ಅಲ್ವಾ ಚೆಲ್ಲೋಕಾಗೋದು? ನಿನ್ನ ತಂಡದ ಕೈಲಿ ಎಂತ ಇತ್ತು?”

ಸುಲಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನು, ಇವತ್ತು 19 ಪಾಯಿಂಟ್ ಇತ್ತು ಸಾರ್ ಅಂದೆ. “ಹಂಗಾದ್ರೆ ಇವತ್ತಿಗೆ ಸರಿ. ನಿನ್ನೆ ಮೊನ್ನೆದಕ್ಕೆಲ್ಲ ಸರಿಯಲ್ಲ,” ಅಂದು ಎಲೆ ಅಡಕೆ ಹಾಕಿಕೊಂಡರು.

ಅಲ್ಲಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ಈಗ ವಿಷಯಕ್ಕೆ ಬರುತ್ತೇನೆ.

ಪತ್ರಿಕೆಗಳ ಆಟದ ಪುಟದಲ್ಲಿ ‘ಕ್ಯಾಚ್ ಕೈಚೆಲ್ಲಿದರು’, ‘ಗೆಲುವನ್ನು ಕೈಚೆಲ್ಲಿತು’ ಎಂದು ಬರೆಯುತ್ತಾರೆ. ಹಿಡಿತಕ್ಕೆ ಬಂದದ್ದನ್ನು ಕಳೆದುಕೊಳ್ಳುವುದು ಎಂಬ ಅರ್ಥ. ಇನ್ನೊಂದು ಕಡೆ ‘ಡಾಕ್ಟರು ಕೈಚೆಲ್ಲಿದರು’, ‘ಮಳೆ ಇಲ್ಲದೆ ರೈತರು ಕೈಚೆಲ್ಲಿ ಕೂತರು’ ಅನ್ನುತ್ತೇವೆ. ಇಲ್ಲಿ ಕಳೆದುಕೊಂಡದ್ದು ಏನೂ ಇಲ್ಲ. ಇನ್ನು ನಮ್ಮಿಂದ ಆಗದು ಎಂದು ಬಿಟ್ಟದ್ದು. ಒಂದೇ ಪದ, ಎರಡು ಬೇರೆ ಸ್ಥಿತಿ. ಒಬ್ಬನಿಗೆ ಗೆಲುವು ಹತ್ತಿರ ಇತ್ತು, ಇನ್ನೊಬ್ಬನಿಗೆ ಯಾವತ್ತೂ ಇರಲೇ ಇಲ್ಲ.

ನನ್ನ ಊಹೆ: ಒಳಗಿನ ವಿಭಕ್ತಿಯೇ ಬೇರೆ. ಮೊದಲನೆಯದು ‘ಕೈಯಿಂದ ಚೆಲ್ಲು’. ಎರಡನೆಯದು ‘ಕೈಯನ್ನು ಚೆಲ್ಲು’, ಅಂದರೆ ಬಿಗಿಹಿಡಿದ ಕೈಯನ್ನೇ ಸಡಿಲಬಿಟ್ಟು ಅತ್ತ ಇತ್ತ ಹಾಕುವುದು. ಕ್ರಿಯಾಸಮಾಸದಲ್ಲಿ ಮೊದಲ ಪದಕ್ಕೆ ಹೆಚ್ಚಾಗಿ ದ್ವಿತೀಯಾ ವಿಭಕ್ತಿ, ಕೈಯನ್ನು ಹಿಡಿ ಕೈಹಿಡಿ, ಮೈಯನ್ನು ಮುಚ್ಚು ಮೈಮುಚ್ಚು ಎಂದೇ ಶಾಲೆಯಲ್ಲಿ ಕಲಿತದ್ದು. ‘ಬೇರುವೆರಸು’ ಥರ ‘ಇಂದ’ ಬರುವ ಉದಾಹರಣೆಯೂ ಒಂದೆರಡು ಇದ್ದವು. ಹಾಗಾಗಿ ಎರಡೂ ಸಾಧ್ಯ. ಪರೀಕ್ಷೆ ಮಾಡಿ ನೋಡಿದೆ. ‘ಎರಡೂ ಕೈ ಚೆಲ್ಲಿ ಕೂತ’ ಅಂದರೆ ಸರಿಯಾಗಿ ಕೇಳುತ್ತದೆ. ‘ಎರಡೂ ಕೈ ಕ್ಯಾಚ್ ಚೆಲ್ಲಿದ’ ಅಂದರೆ ಕಿವಿ ಒಪ್ಪುವುದಿಲ್ಲ. ಕೂತವನ ಮಾತಿನಲ್ಲಿ ಕೈ ಇನ್ನೂ ಕೈಯೇ; ಕ್ಯಾಚಿನ ಮಾತಿನಲ್ಲಿ ಅದು ಕ್ರಿಯಾಪದಕ್ಕೆ ಅಂಟಿಕೊಂಡು ಬಿಡಿಸಲಾರದ ಹಾಗೆ ಆಗಿದೆ. ಬರೆಯುವಾಗ ಒಂದನ್ನು ಬಿಡಿಸಿ, ಇನ್ನೊಂದನ್ನು ಕೂಡಿಸಿ ಬರೆಯಬೇಕೇ? ತಿಳಿದವರು ಹೇಳಬೇಕು.

ಇದಕ್ಕಿಂತ ಹೆಚ್ಚು ಕಾಡಿದ್ದು ‘ಚೆಲ್ಲು’ ಎಂಬ ಧಾತು. ಚಿಕ್ಕವನಿದ್ದಾಗ ಕಾಫಿ ಲೋಟ ಮಗುಚಿದರೆ ಅಮ್ಮ ಒಳಗಿನಿಂದಲೇ ಕೇಳುತ್ತಿದ್ದರು: “ಚೆಲ್ತೋ, ಚೆಲ್ದ್ಯೋ?” ಬೆನ್ನಿಗೆ ಏಟು ಬೀಳುವುದು ಬಿಡುವುದು ಆ ಉತ್ತರದ ಮೇಲೆ. ಬೀಳು ಅಂದರೆ ತಾನಾಗಿ, ಬೀಳಿಸು ಅಂದರೆ ಇನ್ನೊಬ್ಬ. ಉರುಳು, ಉರುಳಿಸು. ಜಾರು, ಜಾರಿಸು. ಅಲ್ಲೆಲ್ಲ ‘ಇಸು’ ನಿಂತು ಸಾಕ್ಷಿ ಹೇಳುತ್ತದೆ. ಚೆಲ್ಲುವುದಕ್ಕೆ ಆ ಸಾಕ್ಷಿ ಬೇಕಿಲ್ಲ. ಹಾಲು ಚೆಲ್ಲಿತು, ಹಾಲು ಚೆಲ್ಲಿದ, ಎರಡೂ ಸರಿ. ಒಡೆ, ಮುರಿ ಇವೂ ಇದೇ ಜಾತಿ: ಮಡಕೆ ಒಡೆಯಿತು, ಮಡಕೆ ಒಡೆದ.

ಆದರೆ ‘ಕೈ’ ಸೇರಿಸಿ ನೋಡಿ. ‘ಗೆಲುವು ಕೈತಪ್ಪಿತು’ ಅನ್ನುತ್ತೇವೆ, ‘ಗೆಲುವು ಕೈಜಾರಿತು’ ಅನ್ನುತ್ತೇವೆ. ಗೆಲುವನ್ನೇ ಕರ್ತೃ ಮಾಡಿ ‘ಗೆಲುವು ತಾನಾಗಿ ಕೈಚೆಲ್ಲಿತು’ ಅನ್ನುವುದಿಲ್ಲ. ಯಾರೋ ಒಬ್ಬ ಚೆಲ್ಲಲೇಬೇಕು. ಬರಿಯ ಚೆಲ್ಲುವಿನಲ್ಲಿ ಇದ್ದ ಮುಗ್ಧತೆ ಕೈ ಬಂದ ಕೂಡಲೇ ಹೋಗಿ, ತಪ್ಪು ಒಬ್ಬರ ತಲೆ ಮೇಲೆ ಕೂರುತ್ತದೆ. ನಾನು ಸಿಟ್ಟಿನಲ್ಲಿ ಈ ಪದವನ್ನೇ ಹುಡುಕಿಕೊಂಡದ್ದು ಅದಕ್ಕೇ ಇರಬೇಕು. ‘ಕೈತಪ್ಪಿತು’ ಎಂದು ಬರೆಯಲು ಅವತ್ತು ಮನಸ್ಸೇ ಬಂದಿರಲಿಲ್ಲ. ಅದು ಅಯ್ಯೋ ಪಾಪ ಅನ್ನುವವರ ಪದ.

ಅಂದರೆ ಮೇಷ್ಟ್ರ ಷರತ್ತು ಒಂದು, ಕೈಯಲ್ಲಿ ಇರಬೇಕು. ನನ್ನ ಷರತ್ತು ಇನ್ನೊಂದು, ತಪ್ಪು ಚೆಲ್ಲಿದವನದಾಗಿರಬೇಕು. ಎರಡೂ ಕೂಡುವುದು ಬಾಸ್ಟನ್ ಥರದ ಆಟದಲ್ಲಿ ಮಾತ್ರ. ಮೊದಲಿನಿಂದ ಹಿಂದೆಯೇ ಬಿದ್ದು ಸೋತ ಆಟಗಳಿಗೆ ‘ಕೈಚೆಲ್ಲಿ ನಿಂತರು’ ಅನ್ನಬಹುದೇ ಹೊರತು ‘ಪಂದ್ಯ ಕೈಚೆಲ್ಲಿದರು’ ಅನ್ನಬಾರದು. ಪತ್ರಿಕೆಯವರು ಇದನ್ನು ಪಾಲಿಸುವುದಿಲ್ಲ. ಇನ್ನಿಂಗ್ಸ್ ಸೋಲಿಗೂ ‘ಪಂದ್ಯ ಕೈಚೆಲ್ಲಿತು’ ಎಂಬ ತಲೆಬರಹ ನೋಡಿದ್ದೇನೆ. ಅರ್ಥ ಹಿಗ್ಗಿದೆಯೋ, ಬರೆಯುವವರ ಉದಾಸೀನವೋ?

ಇಲ್ಲಿ ಒಂದು ತಮಾಷೆ ಹೇಳಲೇಬೇಕು. ಈ ಪಿಸ್ಟನ್ಸ್ ತಂಡದವರು ಫೋರ್ಟ್ ವೇನ್ ಎಂಬ ಊರಿನಲ್ಲಿದ್ದ ಕಾಲಕ್ಕೆ, 1950ರ ನವೆಂಬರ್ 22ರಂದು, ಮಿನ್ನಿಯಾಪೊಲಿಸ್ ಲೇಕರ್ಸ್ ಎದುರು 19–18ರಲ್ಲಿ ಗೆದ್ದಿದ್ದರು. ಎನ್‌ಬಿಎಯಲ್ಲಿ ಇಂದಿಗೂ ಅತಿ ಕಡಿಮೆ ಪಾಯಿಂಟಿನ ಆಟ ಅದು. ಎದುರಾಳಿ ಬಲಶಾಲಿ ಎಂದು ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ಹೊತ್ತು ಕಳೆದರಂತೆ, ಅಷ್ಟೇ ಉಪಾಯ. ಇಂಥ ಆಟಗಳಿಂದ ಜನಕ್ಕೆ ಬೇಸರ ಬಂದು, 1954ರಲ್ಲಿ 24 ಸೆಕೆಂಡಿನೊಳಗೆ ಚೆಂಡು ಬುಟ್ಟಿಗೆ ಎಸೆಯಲೇಬೇಕು ಎಂಬ ನಿಯಮ ಬಂತು. ಚೆಂಡು ಕೈಬಿಡದೆ ಗೆದ್ದವರ ಸಂತತಿ 28 ಸಲ ಚೆಲ್ಲಿ ಕೂತಿತು. ‘ಟರ್ನೋವರ್’ ಎಂಬ ಮಾತಿಗೆ ಕನ್ನಡದಲ್ಲಿ ಏನನ್ನುವುದು ಎಂದೂ ಯೋಚಿಸಿದ್ದೆ. ಬುಟ್ಟಿಗೆ ಎಸೆಯುವ ಮೊದಲೇ ಚೆಂಡನ್ನು ಎದುರಾಳಿಗೆ ಒಪ್ಪಿಸಿಬಿಡುವುದು. ನನಗೆ ‘ಚೆಂಡುಚೆಲ್ಲು’ ಹಿಡಿಸಿತ್ತು. ಮೇಷ್ಟ್ರು, ಹುಳಿ ಚೆಲ್ಲಿದ ಹಾಗೆ ಕೇಳ್ತದೆ ಅಂದರು. ಅಲ್ಲಿಗೆ ಬಿಟ್ಟೆ.

ಇನ್ನೊಂದು ಜಾತಿಯ ಸೋಲೂ ಆ ಲೀಗಿನಲ್ಲಿದೆ. ಹಿಂದೆ ಬಿದ್ದ ತಂಡಗಳಿಗೆ ಹೊಸ ಆಟಗಾರರನ್ನು ಆರಿಸುವಲ್ಲಿ ಮೊದಮೊದಲ ಸರದಿ ಸಿಗುವ ಅವಕಾಶ ಹೆಚ್ಚು. ಅದಕ್ಕೊಂದು ಲಾಟರಿ. ಅದರ ಆಸೆಗೆ ಬೇಕೆಂದೇ ಸೋಲುವುದುಂಟು ಎಂಬ ಗುಮಾನಿ ಅಲ್ಲಿ ಹಳೆಯದು. ನಮ್ಮ ತಂಡ ಹಾಗೆ ಮಾಡಿತು ಎಂದು ನಾನು ಹೇಳುತ್ತಿಲ್ಲ. ಮಾಡಿದ್ದರೂ ದಕ್ಕಿದ್ದು ಸೊನ್ನೆ. 2023ರಲ್ಲೂ 2024ರಲ್ಲೂ ಲೀಗಿನಲ್ಲೇ ಎಲ್ಲರಿಗಿಂತ ಕೆಳಗೆ ಅವರೇ, ಎರಡು ಸಲವೂ ಲಾಟರಿಯಲ್ಲಿ ಬಂದದ್ದು ಐದನೇ ಸರದಿ. ಸೋಲುವುದರಲ್ಲೂ ಅದೃಷ್ಟ ಬೇಕು ಮಾರಾಯ್ರೆ. ಈ ಬೇಕೆಂದೇ ಸೋಲುವುದಕ್ಕೆ ಕೈಚೆಲ್ಲು ಹೊಂದುವುದಿಲ್ಲ. ‘ಬಿಟ್ಟುಕೊಡು’ ಅನ್ನಬಹುದು, ಆದರೆ ಅದರಲ್ಲಿ ದೊಡ್ಡತನ ಇದೆ. ಚೌಕಾಬಾರದಲ್ಲಿ ಅಜ್ಜಿ ಮೊಮ್ಮಗುವಿಗೆ ಬಿಟ್ಟುಕೊಡುವುದು. ಲೆಕ್ಕ ಹಾಕಿ ಸೋಲುವವನಿಗೆ ನಿಮ್ಮ ಕಡೆ ಬೇರೆ ಮಾತು ಇದೆಯೇ?

ತೋಟದಲ್ಲಿ ಕೊನೆಗಾರ ಮೇಲಿಂದ ಕೊನೆ ಕೊಯ್ದು ಹಗ್ಗದ ಮೇಲೆ ಬಿಡುತ್ತಾನೆ, ಕೆಳಗೆ ಹಗ್ಗ ಹಿಡಿದವನು ಅದನ್ನು ಇಳಿಸಿಕೊಳ್ಳಬೇಕು. ಅವನ ಗಮನ ತಪ್ಪಿದರೆ ಕೊನೆ ನೆಲಕ್ಕೆ ಬಡಿದು ಅಡಕೆ ಚೆಲ್ಲಾಪಿಲ್ಲಿ. ಇದು ಅಪ್ಪಟ ಕೈಚೆಲ್ಲುವ ಕೆಲಸ ಅಲ್ಲವೇ? ಆದರೆ ನಮ್ಮಲ್ಲಿ ಯಾರೂ ‘ಕೊನೆ ಕೈಚೆಲ್ಲಿದ’ ಅನ್ನುವುದಿಲ್ಲ. ‘ಕೊನೆ ಬಿಟ್ಟ’ ಅನ್ನುತ್ತಾರೆ, ಜೊತೆಗೆ ಬರೆಯಲಾಗದ ಇನ್ನೆರಡು ಮಾತು. ಹಾಗಾದರೆ ಆಟದ ಅರ್ಥದ ‘ಕೈಚೆಲ್ಲು’ ಪತ್ರಿಕೆಯವರು ಬೆಳೆಸಿದ್ದೇ? ಆಡುಮಾತಿನಲ್ಲಿ ಅದು ಇರುವ ಊರು ಯಾವುದು? ಸಾಗರ, ಹೊಸನಗರ, ಶೃಂಗೇರಿ ಕಡೆಯವರೂ ಬಯಲುಸೀಮೆಯವರೂ ನಿಮ್ಮ ಮನೆಯಲ್ಲಿ ಕೇಳಿದ್ದನ್ನು ಬರೆಯಿರಿ. ಪುಸ್ತಕದ್ದು ಬೇಡ, ಕಿವಿಯದ್ದು ಬೇಕು. ಹುಡುಗರಿಗೆ ‘ಚೆಲ್ಲುಚೆಲ್ಲಾಗಿ ಆಡ್ಬೇಡ’ ಅನ್ನುವ ಚೆಲ್ಲು, ಬೆಕ್ಕಿನ ‘ಚೆಲ್ಲಾಟ’, ಇವೂ ಇದೇ ಧಾತುವಿನವೇ ಎಂಬುದನ್ನೂ ತಿಳಿಸಿದರೆ ಉಪಕಾರ. ಆ ಎರಡು ತಿಂಗಳ ಪಿಸ್ಟನ್ಸ್ ಆಟಕ್ಕೆ ‘ಚೆಲ್ಲುಚೆಲ್ಲು’ ಅನ್ನುವುದೇ ಚೆನ್ನಾಗಿ ಒಪ್ಪುತ್ತಿತ್ತೋ ಏನೋ.

ಬಾಸ್ಟನ್ ಸೋಲು ಕಳೆದು ಎರಡು ದಿನಕ್ಕೆ, ಡಿಸೆಂಬರ್ 30ಕ್ಕೆ, ನಮ್ಮವರು ಕೊನೆಗೂ ಗೆದ್ದರು. ಟೊರಾಂಟೊ ಮೇಲೆ, 129–127. ಸಂಜೆ ಮೇಷ್ಟ್ರು ಬೇಲಿಯಾಚೆಯಿಂದಲೇ “ಇವತ್ತು ಎಂತ ಚೆಲ್ಲಿದ್ರು?” ಎಂದು ಕೂಗಿದರು. ಗೆದ್ರು ಸಾರ್, ಎರಡೇ ಪಾಯಿಂಟಲ್ಲಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಆಚೆಯವ್ರು ಕೈಚೆಲ್ಲಿದ್ರೋ, ಅವರಿಗೆ ಕೈತಪ್ಪಿತೋ, ಅದನ್ನ ಸರಿಯಾಗಿ ನೋಡಿ ಬರಿ,” ಅಂದರು. ನಡುವೆ ನೆಟ್‌ವರ್ಕ್ ಹೋಗಿತ್ತು, ಪೂರ್ತಿ ನೋಡಲು ಆಗಿರಲಿಲ್ಲ. ಗುಂಪಿಗೆ ‘ಗೆದ್ದರು’ ಅಂತಷ್ಟೇ ಹಾಕಿದೆ.