ಹಳೇ ಗೇಮ್ ಹೊಸ ಟಿವಿಗೆ ಹಾಕಿದ್ರೆ ಒಂದ್ರಲ್ಲಿ ಎಲ್ಲಾ ನೇರಳೆ, ಇನ್ನೊಂದ್ರಲ್ಲಿ ಬ್ಲ್ಯಾಕ್ ಅಂಡ್ ವೈಟ್, ಏನ್ ಮಾಡ್ಲಿ?

ಡೊಂಬಿವಲಿ_ಲೋಕಲ್ ಕೇಳಿದ್ದು:

ನಮಸ್ಕಾರ ಎಲ್ರಿಗೂ. ಹೊಸಾ 43 ಇಂಚಿನ ಟಿವಿ ಬಂತು, ಹಳೇ ಡಬ್ಬಾ ಟಿವಿ ಭಂಗಾರ್‌ನವ್ನ ಪಾಲಾಯ್ತು, ಈಗ ನೋಡಿದ್ರೆ ಅಟ್ಟದ ಮೇಲಿರೋ ಗೇಮ್‌ಗಳಿಗೆ ಗತಿನೇ ಇಲ್ಲ. ಒಂದು ಪಿಎಸ್2 (ಪ್ಲೇಸ್ಟೇಷನ್ 2) ಸ್ಲಿಮ್, ಇನ್ನೊಂದು ದಾವಣಗೆರೆಯಿಂದ ಹೊತ್ಕೊಂಡ್ ಬಂದಿರೋ ಕ್ಯಾಸೆಟ್ ಹಾಕೋ ಟಿವಿ ಗೇಮು, ಅದೇ ಮಾರಿಯೋ, ಕಾಂಟ್ರಾ ಇರೋದು, ಕಂಪನಿ ಹೆಸ್ರು ಅಳಿಸಿ ಹೋಗಿದೆ.

ಪಿಎಸ್2ಗೆ ಮುಂಬೈ ಲ್ಯಾಮಿಂಗ್ಟನ್ ರೋಡಲ್ಲಿ ಒಂದು ಸಣ್ಣ ಎಚ್‌ಡಿಎಂಐ ಅಡಾಪ್ಟರ್ ತಗೊಂಡೆ, ಹಿಂದೆ ಸಿಕ್ಕಿಸೋದು, ಪಿಕ್ಚರ್ ಬರ್ತಾ ಇದೆ ಆದ್ರೆ ಬಿಳಿ ಇರ್ಬೇಕಾದ್ದೆಲ್ಲಾ ಗುಲಾಬಿ ನೇರಳೆ ಆಗಿದೆ, ಹುಲ್ಲು ಮಾತ್ರ ಪರ್ವಾಗಿಲ್ಲ ಅನ್ನೋ ಹಂಗಿದೆ. ಕ್ಯಾಸೆಟ್ ಗೇಮ್‌ಗೆ ಹಳದಿ ವೈರ್ ಹಾಕಕ್ಕೆ ಟಿವಿ ಹಿಂದೆ ಹಳದಿ ತೂತೇ ಇಲ್ಲ, ಹಸಿರು ನೀಲಿ ಕೆಂಪು ಇದೆ, ಪಕ್ಕದಲ್ಲಿ ಬಿಳಿ ಕೆಂಪು ಇದೆ. ಹಸಿರಿಗೆ ಹಾಕಿದ್ರೆ ಪಿಕ್ಚರ್ ಬರುತ್ತೆ ಆದ್ರೆ ಕಪ್ಪು ಬಿಳುಪು, ಮೇಲೆಲ್ಲಾ ಸಣ್ಣ ಸಣ್ಣ ಚುಕ್ಕಿ ಹರಿದಾಡ್ತವೆ. ಅಂಗಡಿಯವ್ನು ಅಡಾಪ್ಟರ್ ವಾಪಸ್ ತಗೊಳಲ್ಲ ಅಂತಾನೆ. ಟಿವಿ ಸರಿ ಇಲ್ವಾ, ಗೇಮ್ ಸತ್ತೋಯ್ತಾ?

—

ಠಾಣೆ_ಕುಂದಾಪ್ರದವ:

ಟಿವಿ ಸೆಟ್ಟಿಂಗಲ್ಲಿ ಟಿಂಟ್ ಅಂತ ಒಂದು ಉಂಟಲ್ಲ ಮಾರ್ರೆ, ಅದನ್ನ ಹಸಿರಿನ ಕಡೆ ಎಳ್ದು ನೋಡಿ. ಆಗ್ಲಿಲ್ಲ ಅಂದ್ರೆ ಈ ಅಗ್ಗದ ಅಡಾಪ್ಟರ್ ಎಲ್ಲ ಬಿಸಾಡಿ ಒಂದು ಒಳ್ಳೇ ಅಪ್‌ಸ್ಕೇಲರ್ ತಗೊಳ್ಳಿ, ಹಳೇ ಪಿಕ್ಚರನ್ನ ಹೊಸ ಟಿವಿ ಅಳತೆಗೆ ದೊಡ್ಡದು ಮಾಡುವ ಡಬ್ಬಿ, ರೆಟ್ರೋಟಿಂಕ್ ಅಥವಾ ಒಎಸ್‌ಎಸ್‌ಸಿ. ದುಡ್ಡು ಹೋಗ್ತದೆ, ಆದ್ರೆ ತಲೆಬಿಸಿ ಇಲ್ಲ.

—

ಪುಣೇರಿ_ಧಾರವಾಡ:

ಟಿಂಟ್ ಮುಟ್ಟಬ್ಯಾಡ್ರಿ! ಬಿಳಿನ ನೇರಳೆ ಆಗೇದ ಅಂದ್ಮ್ಯಾಲೆ ಟಿಂಟ್ ಎಳದ್ರ ನೇರಳೆ ಹೋಗಿ ಇನ್ನೊಂದ್ ಬಣ್ಣ ಕುಂಡ್ರತೈತಿ ಅಷ್ಟ, ಬಿಳಿ ಬಿಳಿ ಆಗಂಗಿಲ್ಲ. ಮತ್ತ ಅಪ್‌ಸ್ಕೇಲರ್‌ಗೆ ಸಾವಿರಾರು ರೂಪಾಯಿ ಹಾಕೂ ಮೊದಲ ಪುಕ್ಕಟೆ ಆಗೂದು ನೋಡೂಣು.

ಪಿಎಸ್2 ಒಳಗ ಡಿಸ್ಕ್ ಹಾಕಲಾರ್ದ ಆನ್ ಮಾಡ್ರಿ, ಸಿಸ್ಟಮ್ ಕಾನ್ಫಿಗರೇಶನ್‌ಗೆ ಹೋಗ್ರಿ, ಅಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ಅಂತ ಒಂದ್ ಸಾಲ್ ಐತಿ. ಅದ್ರಾಗ ಎರಡ ಆಯ್ಕೆ, ಒಂದು ಆರ್‌ಜಿಬಿ, ಇನ್ನೊಂದು ವೈ ಸಿಬಿ/ಪಿಬಿ ಸಿಆರ್/ಪಿಆರ್ ಅಂತ ಉದ್ದಕ್ ಬರದಿರತೈತಿ. ನಿಮ್ಮದು ಆರ್‌ಜಿಬಿ ಮ್ಯಾಲ ಐತಿ ಅಂತ ನಾ ಬರದ್ ಕೊಡ್ತೀನಿ. ಎರಡನೇದು ಮಾಡ್ರಿ, ಮುಗೀತು. ಪಿಕ್ಚರ್ ನೇರಳೆ ಇದ್ರೂ ಮೆನು ಓದಾಕ ಬರತೈತಿ, ಅದಕ್ಕ ತ್ರಾಸಿಲ್ಲ.

ಯಾಕ ಹಿಂಗ ಅಂದ್ರ, ಪಿಎಸ್2 ಹಿಂದಿನ ಅದ ಮೂರು ತಂತಿ ಒಳಗ ಎರಡು ನಮೂನಿ ಸಿಗ್ನಲ್ ಕಳಸ್ತದ. ಆರ್‌ಜಿಬಿ ಅಂದ್ರ ಕೆಂಪು ಹಸಿರು ನೀಲಿ ಒಂದೊಂದ್ ತಂತಿಗೆ, ಇದು ಯುರೋಪಿನ ಸ್ಕಾರ್ಟ್ ಅನ್ನೂ ಅಗಲ ತೂತಿನ ಟಿವಿಗಳಿಗಂತ. ಕಾಂಪೊನೆಂಟ್ ಅಂದ್ರ ಹಸಿರು ತಂತಿ ಒಳಗ ಪೂರ್ತಿ ಬೆಳಕಿನ ಲೆಕ್ಕ, ಉಳಿದ ಎರಡರಾಗ ನೀಲಿ ಎಷ್ಟ್ ಹೆಚ್ಚುಕಡಿಮಿ, ಕೆಂಪು ಎಷ್ಟ್ ಹೆಚ್ಚುಕಡಿಮಿ ಅನ್ನೂ ವ್ಯತ್ಯಾಸ. ಬೂದು ಬಿಳಿ ಬಣ್ಣಕ್ಕ ಆ ವ್ಯತ್ಯಾಸ ಸೊನ್ನೆ ಇರಬೇಕು. ಈಗ ಆರ್‌ಜಿಬಿ ಕಳಿಸಿದ್ರ ಬಿಳಿ ಬಣ್ಣದಾಗ ಮೂರೂ ತಂತಿ ತುಂಬಿ ಬರ್ತಾವು, ಅಡಾಪ್ಟರ್ ಅದನ್ನ ನೋಡಿ ಓಹೋ ನೀಲಿನೂ ಜಾಸ್ತಿ ಕೆಂಪೂ ಜಾಸ್ತಿ ಅಂತ ತಿಳ್ಕೋತದ, ನೀಲಿ ಕೆಂಪು ಕೂಡಿ ನೇರಳೆ. ಹುಲ್ಲು ಪರ್ವಾಗಿಲ್ಲ ಅಂದ್ರಲ್ಲ, ಅಲ್ಲಿ ಕೆಂಪು ನೀಲಿ ತಂತಿ ಒಳಗ ಹೆಚ್ಚೇನೂ ಇರಂಗಿಲ್ಲ, ಅದಕ್ಕ ಬಚಾವ್. ಉಲ್ಟಾ ಮಾಡಿದ್ರ, ಅಂದ್ರ ಕಾಂಪೊನೆಂಟ್ ಕಳಿಸಿ ಟಿವಿ ಆರ್‌ಜಿಬಿ ಅಂತ ಓದಿದ್ರ, ಪರದೆ ಪೂರ್ತಿ ಹಸಿರು ಹೊಡೀತದ. ಹಿಂಗಾಗಿ ಯಾವ ಬಣ್ಣ ಕೆಟ್ಟದ ಅನ್ನೂದ್ ನೋಡಿದ್ರನ ಎಲ್ಲಿ ತಪ್ಪೇದ ಗೊತ್ತಾಗ್ತದ.

ಇನ್ನೊಂದು, ಮುಂದ ಅಡಾಪ್ಟರ್ ಬಿಟ್ಟು ಐದು ಪಿನ್ನಿನ ಕಾಂಪೊನೆಂಟ್ ಕೇಬಲ್ ತಗೊಂಡ್ರ ಅದ್ರಾಗ ಕೆಂಪು ಪಿನ್ನು ಎರಡ ಇರ್ತಾವು, ಒಂದು ವಿಡಿಯೋದ್ದು ಒಂದು ಆಡಿಯೋದ್ದು. ಅದಲು ಬದಲು ಆದ್ರ ಸ್ಪೀಕರ್ ಗುಂಯ್ ಅಂತದ, ಮಾರಿ ಬಣ್ಣ ಎಲ್ಲಾ ರಕ್ತ ಇಲ್ಲದವ್ರಂಗ ಹಸಿರುಗಟ್ಟತೈತಿ.

—

ಮಾಟುಂಗಾ_ಸಾಲ್ಡರ್:

ಪುಣೇರಿಯವ್ರು ಪಿಎಸ್2 ಮುಗಿಸಿದ್ರು, ನಾನು ಕ್ಯಾಸೆಟ್ ಗೇಮ್ ಬಗ್ಗೆ ಹೇಳ್ತೀನಿ.

ನಿನ್ ಟಿವಿಯ ಹಸಿರು ತೂತಿನ ಪಕ್ಕ ಕಣ್ಣಿಟ್ಟು ನೋಡು ಗುರು, ವಿಡಿಯೋ ಅಂತನೋ ಎವಿ ಅಂತನೋ ವೈ ಜೊತೆ ಒಂದು ಗೆರೆ ಹಾಕಿ ಬರ್ದಿರುತ್ತೆ. ಜಾಗ ಉಳಿಸಕ್ಕೆ ಹಳದಿ ತೂತು ತೆಗ್ದು ಹಸಿರು ತೂತನ್ನೇ ಎರಡಕ್ಕೂ ಇಟ್ಟಿದಾರೆ. ಹಳದಿ ಪಿನ್ನು ಹಸಿರಿಗೆ ಹಾಕಿದ್ದು ಸರಿನೇ, ಆದ್ರೆ ರಿಮೋಟಲ್ಲಿ ಸೋರ್ಸ್ ಕಾಂಪೊನೆಂಟ್ ಅಂತ ಇದ್ಯಾ ಎವಿ ಅಂತ ಇದ್ಯಾ? ಕಾಂಪೊನೆಂಟ್ ಇದ್ರೆ ಟಿವಿ ಹಸಿರು ತಂತಿಯಲ್ಲಿ ಬರೀ ಬೆಳಕು ಬರ್ತಿದೆ ಅಂದ್ಕೊಳ್ಳುತ್ತೆ, ಬಣ್ಣ ನೀಲಿ ಕೆಂಪು ತೂತಿಂದ ಬರ್ಬೇಕು ಅಂತ ಕಾಯುತ್ತೆ, ಅಲ್ಲೇನೂ ಇಲ್ಲ, ಅದಕ್ಕೆ ಬ್ಲ್ಯಾಕ್ ಅಂಡ್ ವೈಟ್. ಹರಿದಾಡೋ ಚುಕ್ಕಿ ಇದ್ಯಲ್ಲ, ಅದೇ ನಿನ್ ಬಣ್ಣ! ಕಾಂಪೊಸಿಟ್ ಸಿಗ್ನಲಲ್ಲಿ, ಅಂದ್ರೆ ಆ ಒಂದೇ ಹಳದಿ ವೈರಲ್ಲಿ ಬರೋದ್ರಲ್ಲಿ, ಬಣ್ಣ ಒಂದು ಹೈ ಫ್ರೀಕ್ವೆನ್ಸಿ ಅಲೆ ಮೇಲೆ ಕೂತು ಬರುತ್ತೆ, ಅದನ್ನ ಬಿಡಿಸೋರು ಇಲ್ದಿದ್ರೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಸೋರ್ಸ್ ಎವಿ ಮಾಡು.

ಎವಿ ಮಾಡಿದ್ಮೇಲೂ ಕಪ್ಪು ಬಿಳುಪೇ ಬಂದ್ರೆ ಪಾಲ್, ಎನ್‌ಟಿಎಸ್‌ಸಿ ಜಗಳ, ಅಂದ್ರೆ ಟಿವಿಗೆ ಬಣ್ಣ ಕಳಿಸೋ ಎರಡು ಪದ್ಧತಿಗಳದ್ದು. ನಮ್ ದೇಶದ್ದು ಪಾಲ್, 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂದಾಗಿಂದ, 625 ಗೆರೆ, 50 ಹರ್ಟ್ಸ್, ಬಣ್ಣದ ಅಲೆ 4.43 ಮೆಗಾಹರ್ಟ್ಸ್. ಜಪಾನ್ ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ, 60 ಹರ್ಟ್ಸ್, ಬಣ್ಣ 3.58ರಲ್ಲಿ. ನಮ್ಮಲ್ಲಿ ಬೀದಿ ಬೀದಿಲಿ ಮಾರಿದ ಕ್ಯಾಸೆಟ್ ಗೇಮ್‌ಗಳಲ್ಲಿ ಹೆಚ್ಚಿನವು ನಿಂಟೆಂಡೋ ಫ್ಯಾಮಿಕಾಮ್ ನಕಲು, ಕೆಲವ್ರಲ್ಲಿ ಪಾಲ್ ಚಿಪ್ಪು, ಕೆಲವ್ರಲ್ಲಿ ಎನ್‌ಟಿಎಸ್‌ಸಿ ಚಿಪ್ಪು, ಡಬ್ಬದ ಮೇಲೆ ಬರ್ದಿದ್ದು ನಂಬಂಗಿಲ್ಲ. ಟಿವಿ ಎವಿಯಲ್ಲಿರೋವಾಗ್ಲೇ ಮೆನು ತೆಗಿ, ಕಲರ್ ಸಿಸ್ಟಮ್ ಅಂತ ಇರುತ್ತೆ, ಎಷ್ಟೋ ಟಿವಿಯಲ್ಲಿ ಬೇರೆ ಸೋರ್ಸ್ ಇದ್ದಾಗ ಅದು ಕಾಣೋದೇ ಇಲ್ಲ. ಆಟೋ ಬಿಟ್ಟು ಒಂದೊಂದೇ ಒತ್ತಿ ನೋಡು, ಪಾಲ್, ಎನ್‌ಟಿಎಸ್‌ಸಿ 3.58, ಎನ್‌ಟಿಎಸ್‌ಸಿ 4.43. ಒಂದ್ರಲ್ಲಿ ಪಟ್ ಅಂತ ಬಣ್ಣ ಬರ್ಬೇಕು.

ಮತ್ತೆ ಠಾಣೆಯವ್ರೇ, ಟಿಂಟ್ ಅನ್ನೋದು ಕೆಲಸಕ್ಕೆ ಬರೋದೇ ಎನ್‌ಟಿಎಸ್‌ಸಿಗೆ. ಪಾಲ್‌ನಲ್ಲಿ ಒಂದ್ ಗೆರೆ ಬಿಟ್ಟು ಒಂದ್ ಗೆರೆಗೆ ಬಣ್ಣದ ಅಲೆಯ ಫೇಸ್, ಅಂದ್ರೆ ಏರಿಳಿತ, ತಿರುವಿ ಕಳಿಸ್ತಾರೆ, ತಪ್ಪಿದ್ರೆ ಅದೇ ಹೊಡ್ಕೊಂಡು ಹೋಗುತ್ತೆ. ಹೆಸ್ರೇ ಅದರದ್ದು, ಫೇಸ್ ಆಲ್ಟರ್ನೇಟಿಂಗ್ ಲೈನ್.

—

ಡೊಂಬಿವಲಿ_ಲೋಕಲ್:

ಪುಣೇರಿ ಸಾರ್ ಕಾಲಿಗೆ ಬಿದ್ದೆ!! ಆರ್‌ಜಿಬಿನೇ ಇತ್ತು, ಚೇಂಜ್ ಮಾಡಿದ ತಕ್ಷಣ ಬಿಳಿ ಬಿಳಿ ಆಯ್ತು. ಕ್ಯಾಸೆಟ್ ಗೇಮೂ ಎವಿಗೆ ಹಾಕಿದ್ಮೇಲೆ ಬಣ್ಣ ಬಂತು, ಕಲರ್ ಸಿಸ್ಟಮ್ ಮುಟ್ಟೋ ಅವಶ್ಯಕತೆನೇ ಬೀಳಲಿಲ್ಲ, ಪಾಲ್ ಅಂತ ತೋರಿಸ್ತಿದೆ.

ಈಗ ಇನ್ನೆರಡು ತಕರಾರು ಉಳ್ಕೊಂಡಿದೆ. ಪಿಎಸ್2ನಲ್ಲಿ ರಾತ್ರಿ ಸೀನ್ ಬಂದ್ರೆ ಕಪ್ಪು ಕಪ್ಪಾಗಿಲ್ಲ, ಬೂದಿ ಎರಚಿದಂಗಿದೆ. ಇನ್ನು ಮಾರಿಯೋದಲ್ಲಿ ಅಂಚುಗಳ ಸುತ್ತ ಬಣ್ಣ ಸೋರಿದಂಗೆ, ಇಟ್ಟಿಗೆ ಗೋಡೆ ಪಕ್ಕ ಕಾಮನಬಿಲ್ಲು ಬೇರೆ. ಡಬ್ಬಾ ಟಿವಿಲಿ ಇದ್ಯಾವ್ದೂ ಕಂಡಿದ್ದೇ ನೆನಪಿಲ್ಲ.

—

ಪುಣೇರಿ_ಧಾರವಾಡ:

ಬೂದಿ ಎರಚಿದ್ದು ರೇಂಜ್ ಸಮಸ್ಯೆ. ಟಿವಿ ವಿಡಿಯೋ ಲೆಕ್ಕದಾಗ ಕಪ್ಪು ಅಂದ್ರ 16, ಬಿಳಿ ಅಂದ್ರ 235. ಕಂಪ್ಯೂಟರ್ ಲೆಕ್ಕದಾಗ 0 ರಿಂದ 255. ನಿಮ್ ಅಡಾಪ್ಟರ್ 16ರಿಂದ ಕಳಸಾಕತ್ತೇದ, ಟಿವಿ 0ರಿಂದ ಎಣಸಾಕತ್ತೇದ, ಹಿಂಗಾಗಿ 16 ಅನ್ನೂ ಕಪ್ಪು ಬೂದು ಕಾಣತೈತಿ. ಉಲ್ಟಾ ಆದ್ರ ಕತ್ತಲ ಜಾಗದಾಗ ಇರೂದೆಲ್ಲಾ ನುಂಗಿ ಹೋಗತೈತಿ, ಎದುರಿಗಿ ವೈರಿ ನಿಂತ್ರೂ ಕಾಣಂಗಿಲ್ಲ. ಟಿವಿ ಪಿಕ್ಚರ್ ಮೆನುದಾಗ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಂತ, ಇಲ್ಲಾಂದ್ರ ವಿಡಿಯೋ ರೇಂಜ್ ಅಂತ ಇರತೈತಿ, ಒಂದೊಂದ್ ಕಂಪನಿ ಒಂದೊಂದ್ ಹೆಸರು ಇಡತಾರ. ಲೋ ಅಥವಾ ಲಿಮಿಟೆಡ್ ಮಾಡ್ರಿ. ಬ್ರೈಟ್ನೆಸ್ ಇಳಿಸಿ ಮುಚ್ಚಿ ಹಾಕಾಕ ಹೋಗಬ್ಯಾಡ್ರಿ, ಬಿಳಿ ಕಡೆ ಹಂಗ ಉಳೀತದ.

ವಿವಿಡ್ ಮೋಡ್ ಇದ್ರ ಅದನ್ನೂ ತಗೀರಿ, ಗೇಮ್ ಮೋಡ್ ಹಾಕ್ರಿ, ಬಟನ್ ಒತ್ತಿದ್ದು ತಡ ಆಗೂದೂ ಕಡಿಮಿ ಆಗತೈತಿ.

—

ಠಾಣೆ_ಕುಂದಾಪ್ರದವ:

ಟಿಂಟ್ ವಿಷಯ ಬಿಡಿ, ಒಪ್ಪಿದೆ 😄 ಆದ್ರೆ ಕಾಮನಬಿಲ್ಲಿಗೆ ಸೆಟ್ಟಿಂಗಲ್ಲಿ ಮದ್ದಿಲ್ಲ ಮಾರ್ರೆ. ಕಾಂಪೊಸಿಟ್ ಅಂದ್ರೆ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ, ಬಿಸಿಬೇಳೆಬಾತ್ ಕಲಸಿ ಕೊಟ್ಟು ಈಗ ಅನ್ನ ಬೇರೆ ಬೇಳೆ ಬೇರೆ ಮಾಡು ಅಂದ ಹಾಗೆ. ಇಟ್ಟಿಗೆ ಗೋಡೆಯಂಥ ಸಣ್ಣ ಗೆರೆ ಬಂದ್ರೆ ಟಿವಿ ಅದನ್ನೇ ಬಣ್ಣ ಅಂತ ಎಣಿಸ್ತದೆ, ಅದೇ ನಿಮ್ಮ ಕಾಮನಬಿಲ್ಲು. ಹಳೇ ಟ್ಯೂಬ್ ಟಿವಿಯಲ್ಲೂ ಇತ್ತು, 14 ಇಂಚಿನ ಪರದೆಯಲ್ಲಿ ಮಸುಕಾಗಿ ಮುಚ್ಚಿ ಹೋಗ್ತಿತ್ತು, ನೀವೀಗ ಅದನ್ನೇ 43 ಇಂಚಿಗೆ ಹಿಗ್ಗಿಸಿದ್ದೀರಿ.

ಗೇಮ್ ಮಾಡಿದವ್ರು ಎಷ್ಟೋ ಸಲ ಈ ಮಸುಕನ್ನೇ ಲೆಕ್ಕಕ್ಕೆ ಹಿಡ್ದು ಚಿತ್ರ ಬಿಡಿಸಿದ್ದು. ಸೆಗಾ ಮೆಗಾಡ್ರೈವ್ ಸೋನಿಕ್‌ನಲ್ಲಿ ಜಲಪಾತ ಉಂಟಲ್ಲ, ಅದು ನಿಜಕ್ಕೂ ಬರೀ ಉದ್ದುದ್ದ ಗೆರೆ, ಕಾಂಪೊಸಿಟ್‌ನಲ್ಲಿ ಕಲಸಿ ಹೋಗಿ ನೀರಿನ ಹಾಗೆ ಆರ್‌ಪಾರ್ ಕಾಣ್ತದೆ. ಅದನ್ನೇ ಚೊಕ್ಕ ಆರ್‌ಜಿಬಿಯಲ್ಲಿ ನೋಡಿದ್ರೆ ಕಿಟಕಿ ಸರಳಿನ ಹಾಗೆ ಕಾಣ್ತದೆ, ನನಗಂತೂ ಹಿಡಿಸ್ಲಿಲ್ಲ. ನಿಮ್ಮ ಕ್ಯಾಸೆಟ್ ಗೇಮಿಗಂತೂ ಬೇರೆ ದಾರಿ ಕಮ್ಮಿ, ಫ್ಯಾಮಿಕಾಮ್ ಚಿಪ್ಪು ಹುಟ್ಟಿಸುವುದೇ ಕಾಂಪೊಸಿಟ್, ಅದರೊಳಗೆ ಆರ್‌ಜಿಬಿ ಅನ್ನುವುದೇ ಇಲ್ಲ. ಶಾರ್ಪ್‌ನೆಸ್ ಕೆಳಗಿಳಿಸಿ, ಅಷ್ಟೇ.

—

ವಾಸ್ಕೋ_ಬಾಗಲಕೋಟಿ:

ನಂದೂ ಒಂದೈತ್ರಿ ಇದ್ರಾಗ ಕೇಳ್ತೀನಿ. ನಾ ಗೋವಾದಾಗ ಇರೂದು, ನನ್ ಹಂತ್ಯಾಕ ಪಿಎಸ್1 ಐತಿ, ಪಾಲ್ ಸೆಟ್ಟು, ಹಳೇ ಮಾಡೆಲ್, ಬ್ಯಾರೆ ದೇಶದ ಡಿಸ್ಕೂ ಓಡ್ಲಿ ಅಂತ ಚಿಪ್ ಹಾಕ್ಸಿದ್ದು. ಕೆಲವು ಡಿಸ್ಕ್ ಬಣ್ಣದಾಗ ಬರ್ತಾವು, ಅಮೆರಿಕದ ಡಿಸ್ಕ್ ಹಾಕಿದ್ರ ಕಪ್ಪು ಬಿಳುಪು. ಕಲರ್ ಸಿಸ್ಟಮ್ ಎಲ್ಲಾ ಒತ್ತಿ ನೋಡೀನಿ, ಒಂದೂ ಹಿಡಿಯಂಗಿಲ್ಲ. ಇಲ್ಲಿ ಸಮುದ್ರದ ಗಾಳಿಗೆ ಪಿನ್ನೆಲ್ಲಾ ಹಸಿರು ಹಿಡದಾವು, ಅದಕ್ಕ ಇರಬಹುದಾ?

—

ಮಾಟುಂಗಾ_ಸಾಲ್ಡರ್:

ಪಿನ್ನು ಅಲ್ಲ. ಪಿನ್ನು ಕೆಟ್ಟಿದ್ರೆ ಎಲ್ಲಾ ಡಿಸ್ಕಲ್ಲೂ ಕೆಡ್ಬೇಕಿತ್ತು, ಅಲುಗಾಡಿಸಿದ್ರೆ ಬಂದು ಹೋಗಿ ಆಗ್ಬೇಕಿತ್ತು. ಆದ್ರೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸು, ಮುಂಬೈ ಗೋವಾ ಮಳೆಗಾಲಕ್ಕೆ ಅದು ಹೆಂಗಿದ್ರೂ ಬೇಕು.

ನಿಂದು ಬೇರೆ ಕಥೆ. ಹಳೇ ಪಿಎಸ್1ಗಳಲ್ಲಿ ಚಿತ್ರದ ಗಡಿಯಾರನೂ (ತಾಳ ಹಾಕೋ ಸಿಗ್ನಲ್) ಬಣ್ಣದ ಅಲೆನೂ ಒಂದೇ ಕ್ರಿಸ್ಟಲಿಂದ ಬರುತ್ತೆ. ಪಾಲ್ ಸೆಟ್ಟಲ್ಲಿ ಅದು 53.20 ಮೆಗಾಹರ್ಟ್ಸ್, 12ರಿಂದ ಭಾಗಿಸಿದ್ರೆ 4.43, ಪಾಲ್ ಬಣ್ಣ ಸರಿಯಾಗಿ ಸಿಗುತ್ತೆ. ಅಮೆರಿಕದ ಡಿಸ್ಕ್ ಹಾಕಿದಾಗ ಸೆಟ್ಟು ಎನ್‌ಟಿಎಸ್‌ಸಿ ಮೋಡ್‌ಗೆ ಹೋಗಿ ಅದನ್ನೇ 15ರಿಂದ ಭಾಗಿಸುತ್ತೆ, ಬರೋದು 3.547, ಬೇಕಿದ್ದಿದ್ದು 3.5795. ನೋಡಕ್ಕೆ ಚಿಕ್ಕ ವ್ಯತ್ಯಾಸ, ಆದ್ರೆ ಟಿವಿ ಬಣ್ಣದ ಸರ್ಕ್ಯೂಟಿಗೆ ಇದು ಬಹಳ ದೂರ, ಅದು ಬಣ್ಣನೇ ಇಲ್ಲ ಅಂತ ಬಿಟ್ಟುಬಿಡುತ್ತೆ. ಅದಕ್ಕೇ ಮೆನುವಲ್ಲಿ ಯಾವ್ದು ಒತ್ತಿದ್ರೂ ಹಿಡಿಯಲ್ಲ.

ಎರಡು ದಾರಿ ಇದೆ. ಒಳಗೆ ಎರಡೂ ಗಡಿಯಾರ ಕೊಡೋ ಸಣ್ಣ ಬೋರ್ಡ್ ಹಾಕಿಸೋದು, ಡಿಎಫ್‌ಒ ಅಂತಾರೆ, ಸಾಲ್ಡರಿಂಗ್ ಕೆಲಸ. ಇಲ್ಲಾಂದ್ರೆ ಬಣ್ಣದ ಅಲೆಯ ಗೊಡವೆನೇ ಬಿಟ್ಟು ಆರ್‌ಜಿಬಿ ಸ್ಕಾರ್ಟ್ ಕೇಬಲ್ ತಗೊಳ್ಳೋದು, ಅದ್ರಲ್ಲಿ ಕೆಂಪು ಹಸಿರು ನೀಲಿ ಬೇರೆ ಬೇರೆ ತಂತಿಲಿ ಬರೋದ್ರಿಂದ ಪಾಲ್ ಎನ್‌ಟಿಎಸ್‌ಸಿ ಬಣ್ಣದ ಜಗಳನೇ ಇರಲ್ಲ. ನಾನಾಗಿದ್ರೆ ಎರಡನೇದೇ ಮಾಡ್ತಿದ್ದೆ. ನಮ್ ಟಿವಿಗಳಲ್ಲಿ ಸ್ಕಾರ್ಟ್ ತೂತು ಇರಲ್ಲ, ಸ್ಕಾರ್ಟಿಂದ ಎಚ್‌ಡಿಎಂಐ ಮಾಡೋ ಡಬ್ಬಿ ಬೇಕಾಗುತ್ತೆ. ತಗೊಳ್ಳೋ ಮುಂಚೆ ಅದು ಆರ್‌ಜಿಬಿ ಓದುತ್ತಾ ಅಂತ ಕೇಳು, ಕೆಲವು ಡಬ್ಬಿ ಸ್ಕಾರ್ಟ್ ತೂತು ಇಟ್ಕೊಂಡು ಒಳಗೆ ಬರೀ ಕಾಂಪೊಸಿಟ್ ಪಿನ್ನು ಮಾತ್ರ ಓದ್ತವೆ, ಅಂಥದ್ದು ತಂದ್ರೆ ಮತ್ತೆ ಕಪ್ಪು ಬಿಳುಪೇ. ಡೊಂಬಿವಲಿಯವ್ರು ತಂದಿರೋ ಪಿಎಸ್2 ಅಡಾಪ್ಟರೂ ಬೇಡ, ಪಿನ್ನು ಕೂರುತ್ತೆ ಆದ್ರೆ ಪಿಎಸ್1ನಿಂದ ಕಾಂಪೊನೆಂಟ್ ಬರೋದೇ ಇಲ್ಲ.

—

ವಾಸ್ಕೋ_ಬಾಗಲಕೋಟಿ:

ಸಾಲ್ಡರಿಂಗ್ ನನ್ ಕೈಲೆ ಆಗಂಗಿಲ್ರಿ, ಕೇಬಲ್ಲನ ತರಸ್ತೀನಿ. ಆ ಡಬ್ಬಿ ಮುಂಬೈದಾಗ ಸಿಗತೈತೇನ್ರಿ, ಇಲ್ಲಾ ಆನ್‌ಲೈನೇ ಗತಿನಾ?

—

ಡೊಂಬಿವಲಿ_ಲೋಕಲ್:

ಲ್ಯಾಮಿಂಗ್ಟನ್ ರೋಡ್ ಕಡೆ ನಾನು ಮತ್ತೆ ಹೋಗೋದಿದೆ, ಕೇಳ್ಕೊಂಡು ಬಂದು ಹೇಳ್ತೀನಿ. ಭಾನುವಾರ ಬಿಟ್ಟು ಹೋಗ್ಬೇಕು, ಅಂಗಡಿ ಜಾಸ್ತಿ ಮುಚ್ಚಿರ್ತವೆ. ಅಂದ್ಹಾಗೆ ಪುಣೇರಿ ಸಾರ್, ಬ್ಲ್ಯಾಕ್ ಲೆವೆಲ್ ಲೋ ಮಾಡಿದೆ, ಬೂದಿ ಹೋಯ್ತು.